ಶಾಸಕರ ಜೇಬಿಗೆ ಹೋದ ಒಂದು ಹಾಳೆ: ನನ್ನ ಅನುಭವ

ಸರ್ಕಾರಿ ಶಾಲೆಗಳ ಸ್ಥಿತಿಯನ್ನು ಒಂದೇ ಹಾಳೆಯಲ್ಲಿ ಬರೆದು ಜನಪ್ರತಿನಿಧಿಗಳ ಕೈಗೆ ಕೊಡುತ್ತೇನೆ ಅಂದಾಗ "ಇದು ಆಗೋ ಮಾತಲ್ಲ" ಅಂತ ನನಗೆ ಹೇಳಿದವರು ಮೂರು ಜನ. ಒಬ್ಬರು ನಾನು ಮೊದಲು ಕೆಲಸ ಮಾಡುತ್ತಿದ್ದ ಸಂಸ್ಥೆಯ ಹಿರಿಯರು, ಇನ್ನೊಬ್ಬರು ನಿವೃತ್ತ ಶಿಕ್ಷಣಾಧಿಕಾರಿ, ಮೂರನೆಯವಳು ನನ್ನ ಹೆಂಡತಿ. ಹಿರಿಯರು ಹೋದ ತಿಂಗಳು ಫೋನ್ ಮಾಡಿ ಹಾಳೆಯ ನಮೂನೆ ವಾಟ್ಸಾಪ್ ಮಾಡಲು ಆಗುತ್ತಾ ಅಂತ ಕೇಳಿದರು. ನಿವೃತ್ತರು ಇನ್ನೂ ಒಪ್ಪಿಲ್ಲ. ಹೆಂಡತಿಯದು ಮೊದಲಿಂದಲೂ ಒಂದೇ ಪ್ರಶ್ನೆ: "ಪೆಟ್ರೋಲ್ ರೊಕ್ಕ ಯಾರು ಕೊಡ್ತಾರ, ಅದು ಹೇಳ್ರಿ ಮೊದಲ." ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರವಿಲ್ಲ.

ಕೆಲಸ ಇಷ್ಟೇ. ಗ್ರಾಮ ಪಂಚಾಯಿತಿ ಮೆಂಬರಿನಿಂದ ಹಿಡಿದು ಶಾಸಕರವರೆಗೆ, ಸರ್ಕಾರಿ ಶಾಲೆಗಳ ಬಗ್ಗೆ ಏನಾದರೂ ತೀರ್ಮಾನ ಮಾಡುವ ಮುಂಚೆ ಅವರ ಕೈಯಲ್ಲಿ ನಂಬಬಹುದಾದ ನಾಲ್ಕು ಅಂಕಿ ಇರಬೇಕು. ಭೀಮಾ ದಂಡೆಯಿಂದ ಬಹಳ ದೂರವಿಲ್ಲದ ಒಂದು ತಾಲ್ಲೂಕಿನಲ್ಲಿ ಏಳು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ಅದು ಯಾದಗಿರಿಗೆ ಸೇರಿದ್ದೋ ಕಲಬುರಗಿಗೋ ಅನ್ನುವುದನ್ನು ಹೇಳುವುದಿಲ್ಲ. ಹೇಳಿದರೆ ಶಾಸಕರು ಯಾರು, ಅಧಿಕಾರಿ ಯಾರು ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ, ನಾನು ಇನ್ನೂ ಅಲ್ಲೇ ಕೆಲಸ ಮಾಡಬೇಕು. ಮುಂದೆ ಬರುವ ನಾಲ್ಕು ಹೆಸರುಗಳನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಕೆಡಿಪಿ ಅಂದರೆ ಎಲ್ಲ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆ, ಎಸ್‌ಡಿಎಂಸಿ ಅಂದರೆ ಪೋಷಕರು ಇರುವ ಶಾಲಾಭಿವೃದ್ಧಿ ಸಮಿತಿ, ಯುಡೈಸ್ ಅಂದರೆ ದೇಶದ ಶಾಲೆಗಳಿಂದ ವರ್ಷಕ್ಕೊಮ್ಮೆ ಸಂಗ್ರಹಿಸುವ ಅಂಕಿಅಂಶ, ಸ್ಯಾಟ್ಸ್ ಅಂದರೆ ಪ್ರತಿ ಮಗುವಿನ ದಾಖಲೆ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ.

ಮೊದಲನೇ ಸೋಲು 2018ರದ್ದು. ಸಂಸ್ಥೆಯಲ್ಲಿ ಇದ್ದಾಗ ತಾಲ್ಲೂಕಿನ ಶಿಕ್ಷಣ ಸ್ಥಿತಿಗತಿ ಅಂತ ಒಂದು ವರದಿ ಮಾಡಿದೆವು. 64 ಪುಟ, ಬಣ್ಣದ ಗ್ರಾಫು, ಹೊಳೆಯುವ ಮುಖಪುಟ. ಮೊದಲ ಪುಟದಲ್ಲೇ 2011ರ ಜನಗಣತಿ: ಯಾದಗಿರಿ ಜಿಲ್ಲೆಯ ಸಾಕ್ಷರತೆ ಹತ್ತಿರ ಹತ್ತಿರ 52, ರಾಜ್ಯದಲ್ಲೇ ಕೊನೆ. ಆ ಸಾಲು ಬರೆದಾಗ ನಮಗೆ ದೊಡ್ಡ ಬಾಂಬು ಹಾಕಿದಂತೆ ಅನಿಸಿತ್ತು. ಈ ಸೀಮೆಯಲ್ಲಿ ಹುಟ್ಟಿದ ಪ್ರತಿ ಪುಢಾರಿಯೂ "ನಾವು ಹಿಂದುಳಿದವರು" ಅನ್ನುವುದನ್ನು ಮೈಕಿನಲ್ಲಿ ಸಾವಿರ ಸಲ ಹೇಳಿದ್ದಾನೆ. ಈ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನಮಾನ ಕೇಳಿದ 371 ಜೆ ಹೋರಾಟವೇ ಆ ಮಾತಿನ ಮೇಲೆ ನಿಂತದ್ದು. ನಮ್ಮ ಅಂಕಿ ಯಾರನ್ನೂ ಅಲುಗಿಸಲಿಲ್ಲ. 300 ಪ್ರತಿಗೆ 46 ಸಾವಿರವೋ 48 ಸಾವಿರವೋ ಖರ್ಚಾಯಿತು. ಒಂದು ಪ್ರತಿಯನ್ನು ಜನಪ್ರತಿನಿಧಿಯೊಬ್ಬರ ಕೈಗೆ ಕೊಟ್ಟೆ. ಹಿಂದಿನಿಂದ ಮುಂದಕ್ಕೆ ಸರಸರ ತಿರುವಿ ಕೇಳಿದರು: "ನಮ್ಮ ಫೋಟೋ ಎಲ್ಲಿ ಅದರೀ?"

ಆವತ್ತು ನಾವೆಲ್ಲ ಜೀಪಿನಲ್ಲಿ ಕೂತು ಬಿದ್ದು ಬಿದ್ದು ನಕ್ಕೆವು. ನಗಬಾರದಿತ್ತು. 64 ಪುಟದಲ್ಲಿ ಅವರು ಮಾಡಬಹುದಾದ ಒಂದು ಕೆಲಸವೂ ಇರಲಿಲ್ಲ. ಫೋಟೋ ಬಿಟ್ಟು ಅವರು ಹುಡುಕುವುದಾದರೂ ಏನನ್ನು? ಉಳಿದ 170 ಪ್ರತಿಗಳು ಸಂಸ್ಥೆಯ ಕೋಣೆಯಲ್ಲಿ ಗೆದ್ದಲಿಗೆ ಆದವು.

2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಗಿ ಹೊಸ ಮೆಂಬರುಗಳು ಬಂದರು. ಅಷ್ಟರಲ್ಲಿ ನಾನು ಸಂಸ್ಥೆ ಬಿಟ್ಟಿದ್ದೆ. ಮೆಂಬರುಗಳಿಗೆ ತರಬೇತಿ ಕೊಡೋಣ ಅಂತ ಹೊರಟೆ. ಬಾಡಿಗೆ ಪ್ರೊಜೆಕ್ಟರು, ದಿನಕ್ಕೆ 1,500. ಎರಡನೇ ಸ್ಲೈಡಿಗೆ ಕರೆಂಟು ಹೋಯಿತು. ಕರೆಂಟು ಬಂದಿದ್ದರೂ ಅಷ್ಟೇ ಇತ್ತು ಅನ್ನಿ, ಯಾಕೆಂದರೆ ಹದಿನೇಳು ಮೆಂಬರುಗಳಲ್ಲಿ ಬಂದಿದ್ದವರು ಒಂಬತ್ತು, ಅದರಲ್ಲಿ ನಾಲ್ಕು ಜನ ಮಹಿಳಾ ಮೆಂಬರುಗಳ ಗಂಡಂದಿರು. ಪಂಚಾಯಿತಿಯ ಮೂರು ಸ್ಥಾಯಿ ಸಮಿತಿಗಳ ಬಗ್ಗೆ ಒಂದು ಗಂಟೆ ಮಾತಾಡಿದೆ. ಕೊನೆಗೆ ಒಬ್ಬರು ಎದ್ದು ನಿಂತು ಕೇಳಿದ್ದು: "ಅದೆಲ್ಲ ಸರಿ ಸರ, ನಮ್ಮ ಸಾಲಿಗಿ ಕಂಪೌಂಡ್ ನರೇಗಾದಾಗ ಆಗ್ತದೋ ಇಲ್ಲೋ?" ಆಗುತ್ತದೆ ಅಂದೆ. ಅವರು ಹೋಗಿ ಮಾಡಿಸಿಯೂ ಬಿಟ್ಟರು. ಇಡೀ ದಿನದ ತರಬೇತಿಯಿಂದ ಹುಟ್ಟಿದ ಫಲ ಅದೊಂದೇ. ಅದೂ ಅವರ ಪ್ರಶ್ನೆಯಿಂದ ಹುಟ್ಟಿದ್ದು, ನನ್ನ ಸ್ಲೈಡಿನಿಂದ ಅಲ್ಲ.

ಮೂರನೆಯದು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ. ಒಂದು ಪಂಚಾಯಿತಿಯ ಏಳು ಶಾಲೆಗಳಿಗೆ ರ‍್ಯಾಂಕ್ ಪಟ್ಟಿ ಮಾಡಿದೆ. ಐದನೇ ತರಗತಿಯ ಮಕ್ಕಳು ಎರಡನೇ ತರಗತಿಯ ಪಾಠ ಓದುತ್ತಾರಾ ಅಂತ ನೋಡಿ ಒಂದರಿಂದ ಏಳರವರೆಗೆ ಇಳಿಸಿದೆ. ಏಳನೆಯದು ತಾಂಡಾದ ಶಾಲೆ. ಮಕ್ಕಳ ಮನೆಮಾತು ಲಂಬಾಣಿ, ಶಾಲೆಯಲ್ಲಿ ಇದ್ದವರು ಒಬ್ಬರೇ ಶಿಕ್ಷಕಿ, ಐದು ತರಗತಿ. ಆ ಪಟ್ಟಿ ಒಬ್ಬ ಮೆಂಬರಿನ ಮೊಬೈಲಿನಿಂದ ಊರಿಗೆಲ್ಲ ಹೋಯಿತು. ಆತ ಶಾಲೆಗೆ ಹೋಗಿ ಮಕ್ಕಳ ಮುಂದೆಯೇ ಆ ಶಿಕ್ಷಕಿಗೆ ಬಾಯಿಗೆ ಬಂದಂತೆ ಅಂದ. ಮಾರನೇ ದಿನ ಹೋಗಿ ಕ್ಷಮೆ ಕೇಳಿದೆ. ಆಕೆ ಚಹಾ ಕೊಟ್ಟರು, ಮಾತಾಡಲಿಲ್ಲ. ಅಂದಿನಿಂದ ನನ್ನ ಹಾಳೆಯಲ್ಲಿ ಶಿಕ್ಷಕರ ಹೆಸರಿಲ್ಲ, ಶಾಲೆಗಳ ನಡುವೆ ಹೋಲಿಕೆಯಿಲ್ಲ. ಜಿಲ್ಲೆಗಳಿಗೆ ರ‍್ಯಾಂಕ್ ಕೊಡುವವರು ಕೊಟ್ಟುಕೊಳ್ಳಲಿ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ 50.59 ಶೇಕಡಾದೊಂದಿಗೆ ಕೊನೆ, 2025ರಲ್ಲಿ ಕಲಬುರಗಿ 42.43ರೊಂದಿಗೆ ಕೊನೆ. ಎರಡು ಸಲವೂ ಒಂದು ವಾರ ಎಲ್ಲರೂ ಬಯ್ದಾಡಿದರು, ಆಮೇಲೆ ಮಳೆ ಬಂತು, ತೊಗರಿ ಬಿತ್ತಲು ಹೋದರು.

ನಾಲ್ಕನೇ ಸೋಲು ನನ್ನನ್ನು ಮುಗಿಸಿಯೇ ಬಿಡಬೇಕಿತ್ತು. ಹೇಗೋ ಮಾಡಿ ತಾಲ್ಲೂಕು ಕೆಡಿಪಿಗೆ ಮುಂಚೆ ಒಂದು ಟಿಪ್ಪಣಿ ಶಾಸಕರಿಗೆ ತಲುಪಿಸಿದ್ದೆ. ಒಂದು ಊರಿನ ಶಾಲೆಯಲ್ಲಿ 140 ಮಕ್ಕಳಿಗೆ ಇಬ್ಬರೇ ಶಿಕ್ಷಕರು ಅಂತ ಬರೆದಿದ್ದೆ. ಸಾಹೇಬರು ಸಭೆಯಲ್ಲಿ ಅದನ್ನೇ ಹಿಡಿದು ಏರು ದನಿಯಲ್ಲಿ ಕೇಳಿದರು. ಅಧಿಕಾರಿ ಶಾಂತವಾಗಿ ಎದ್ದು, "ಸರ್, ಅಲ್ಲಿ ಈಗ ಐದು ಜನ ಇದ್ದಾರೆ. ಜೂನ್‌ನಲ್ಲೇ ಒಬ್ಬರು ವರ್ಗವಾಗಿ ಬಂದರು, ಅತಿಥಿ ಶಿಕ್ಷಕರು ಇಬ್ಬರು" ಅಂದರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ತೆಗೆದುಕೊಂಡಿದ್ದು ಯುಡೈಸ್ ಅಂಕಿ. ಅದು ಸೆಪ್ಟೆಂಬರ್ 30ರ ಲೆಕ್ಕ, ಅದೂ ಹಿಂದಿನ ವರ್ಷದ್ದು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಗೊತ್ತಿದ್ದೂ ಸೋಮಾರಿತನ ಮಾಡಿದ್ದೆ. ಸಂಜೆ ಸಾಹೇಬರ ಆಪ್ತ ಸಹಾಯಕರ ಫೋನು: "ನಿಮ್ಮ ಕಾಗದದಾಗ ತಪ್ಪಾದ್ರ ನಿಮ್ಮದೇನೂ ಹೋಗಲ್ರೀ, ಸಾಹೇಬರ ಮಾನ ಹೋಗ್ತದ." ಎಂಟು ತಿಂಗಳು ಆ ಬಾಗಿಲು ನನಗೆ ಮುಚ್ಚಿತು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಕೂತು ಅಲ್ಲಿಗೆ ಯಾರು ಯಾಕೆ ಬರುತ್ತಾರೆ ಅನ್ನುವುದನ್ನು ಮಾತ್ರ ಚೆನ್ನಾಗಿ ಕಲಿತೆ. ಬದಲಾದ ಪದ್ಧತಿ ಹುಟ್ಟಿದ್ದು ಆ ಬೆಂಚಿನ ಮೇಲೆ.

ಬರುವವರಲ್ಲಿ ಹತ್ತಕ್ಕೆ ಏಳು ಜನ ವರ್ಗಾವಣೆ ಇಲ್ಲವೇ ಕೊಠಡಿ. ಶಾಸಕರಿಗೆ ಶಾಲೆ ಅಂದರೆ ಇವೆರಡೇ ಅಂತ ನಾವು ಮೂಗು ಮುರಿಯುತ್ತೇವೆ. ಅವರ ಬಾಗಿಲಿಗೆ ಬರುವುದೇ ಅವೆರಡಾದರೆ ಅವರಾದರೂ ಏನು ಮಾಡಬೇಕು? ಎಂಟನೇ ತರಗತಿಗೆ ಶಾಲೆ ಬಿಟ್ಟ ಹುಡುಗಿ ಬೆಳಿಗ್ಗೆ ಏಳಕ್ಕೆ ಅಲ್ಲಿ ಬಂದು ಕೂರುವುದಿಲ್ಲ. ಇನ್ನೊಂದು ಕಷ್ಟವೂ ಇದೆ. 2021ರಿಂದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಎರಡಕ್ಕೂ ಚುನಾಯಿತ ಸದಸ್ಯರೇ ಇಲ್ಲ. ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಅನ್ನುವುದು ಕಾಯ್ದೆಯಲ್ಲಿದೆ, ಕುರ್ಚಿಯಲ್ಲಿ ಜನ ಇಲ್ಲ. ಊರಿನ ಮೆಂಬರಿಗೂ ಶಾಸಕರಿಗೂ ನಡುವೆ ಮೆಟ್ಟಿಲೇ ಇಲ್ಲದ ಮಾಳಿಗೆ ಮನೆ ಆಗಿದೆ.

ಈಗ ಮಾಡುವ ರೀತಿ ಹೇಳುತ್ತೇನೆ. ಒಂದು ಹಾಳೆ, ಒಂದೇ ಮಗ್ಗುಲು, ಕೈಬರಹದಷ್ಟು ದೊಡ್ಡ ಅಕ್ಷರ. ಮೇಲೆ ನಾಲ್ಕು ಅಂಕಿ, ಐದನೆಯದಕ್ಕೆ ಜಾಗ ಇಲ್ಲ. ಕೆಳಗೆ ಮೂರು ಪ್ರಶ್ನೆ. ಪ್ರತಿ ಪ್ರಶ್ನೆಯ ಎದುರು, ಅದಕ್ಕೆ ಉತ್ತರ ಕೊಡಬೇಕಾದ ಅಧಿಕಾರಿ ಯಾರು ಅಂತ ಹುದ್ದೆ ಮಾತ್ರ. ಮೂರರಲ್ಲಿ ಒಂದು ಪ್ರಶ್ನೆ ಕಡ್ಡಾಯವಾಗಿ ಪೈಸೆ ಖರ್ಚಿಲ್ಲದೆ ಹದಿನೈದು ದಿನದಲ್ಲಿ ಬಗೆಹರಿಯುವಂಥದ್ದು. ಇದು ಬಹಳ ಮುಖ್ಯ. ಒಂದು ಸಲ ಫೋನ್ ಎತ್ತಿ ಕೆಲಸ ಆದದ್ದನ್ನು ಕಂಡ ಜನಪ್ರತಿನಿಧಿ ಮುಂದಿನ ಹಾಳೆಯನ್ನು ತಾನಾಗಿಯೇ ಕೇಳುತ್ತಾನೆ. ಅಂಕಿಗಳನ್ನೆಲ್ಲ ಆ ವಾರವೇ ಮುಖ್ಯಶಿಕ್ಷಕರ ಎದುರು ಹಾಜರಿ ಪುಸ್ತಕ ಮತ್ತು ಸ್ಯಾಟ್ಸ್ ನೋಡಿ ತುಂಬುತ್ತೇನೆ, ಅವರ ಕೈಯಲ್ಲಿ ಮೂಲ ಪ್ರತಿಗೆ ಸಹಿ ಹಾಕಿಸುತ್ತೇನೆ. ಸಹಿ ಸಿಗದ ಅಂಕಿ ಹಾಳೆಗೆ ಹೋಗುವುದಿಲ್ಲ, ಅದು ಎಷ್ಟೇ ರುಚಿಯಾಗಿದ್ದರೂ.

ಇನ್ನೊಂದು ಮಾತು, ಇದಕ್ಕೆ ನನ್ನ ಸ್ನೇಹಿತರೇ ಬಯ್ದಿದ್ದಾರೆ. ಸಭೆಗೆ ಒಂದು ದಿನ ಮುಂಚೆ ಅದೇ ಹಾಳೆಯನ್ನು ಸಂಬಂಧಪಟ್ಟ ಅಧಿಕಾರಿಗೂ ಕೊಡುತ್ತೇನೆ. "ಹುಲಿಗೆ ಮೊದಲೇ ಸುದ್ದಿ ಕೊಟ್ಟು ಬೇಟೆಗೆ ಹೋಗ್ತೀಯಾ" ಅಂದರು. ನನಗೆ ಬೇಟೆ ಬೇಕಿಲ್ಲ. ಅಧಿಕಾರಿಗೆ ಅವಮಾನ ಆದರೆ ಮುಂದಿನ ಸಲ ಶಾಲೆಯ ಗೇಟೇ ನನಗೆ ತೆರೆಯುವುದಿಲ್ಲ. ಮುಂಚೆ ಗೊತ್ತಿದ್ದರೆ ಅವರು ಸಭೆಗೆ ಬರುವಷ್ಟರಲ್ಲಿ ಅರ್ಧ ಕೆಲಸ ಮಾಡಿ "ಆಗಿದೆ ಸರ್" ಅಂತಾರೆ. ಹೆಸರು ಯಾರಿಗಾದರೂ ಹೋಗಲಿ. ಹಾಳೆ ಯಾರ ಕೈಯಿಂದ ಸಾಹೇಬರ ಜೇಬಿಗೆ ಹೋಗುತ್ತದೆ, ಯಾವ ಹೊತ್ತಿನಲ್ಲಿ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ನಿಮ್ಮ ತಾಲ್ಲೂಕಿನಲ್ಲಿ ಅದು ಬೇರೆಯೇ ಇರುತ್ತದೆ. ಆಪ್ತ ಸಹಾಯಕರ ಕೈಯಿಂದ ಅಲ್ಲ ಅಂತ ಮಾತ್ರ ಹೇಳಬಲ್ಲೆ.

ಮೊದಲ ಗೆಲುವು ಬಸ್ಸಿನದು. ಮೂರು ಊರುಗಳ ಹುಡುಗಿಯರು ಏಳು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಹೋಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ಚಿಂತೆ ಹೋಯಿತು. ಆದರೆ ಬಸ್ಸು ಬರುತ್ತಿದ್ದದ್ದು ಬೆಳಿಗ್ಗೆ 7ಕ್ಕೆ, ಆಮೇಲೆ 11ಕ್ಕೆ. ಏಳಕ್ಕೆ ಹೊರಟರೆ ಮುಚ್ಚಿದ ಶಾಲೆಯ ಗೇಟಿನ ಮುಂದೆ ಎರಡು ತಾಸು, ಹನ್ನೊಂದಕ್ಕೆ ಹೊರಟರೆ ಎರಡು ಪಿರಿಯಡ್ ಮುಗಿದಿರುತ್ತದೆ. ಅಪ್ಪಂದಿರಿಗೆ ಆ ಎರಡು ತಾಸಿನದೇ ಹೆದರಿಕೆ. ಹಾಳೆಯ ಮೇಲೆ ಬರೆದದ್ದು: ಎಂಟನೇ ತರಗತಿಗೆ ಸೇರಿದ ಹುಡುಗಿಯರು 31. ಅದೇ ತಂಡದಲ್ಲಿ ಹತ್ತಕ್ಕೆ ಉಳಿದವರು 12. ಹುಡುಗರು 34ಕ್ಕೆ 25. ನಾಲ್ಕನೇ ಅಂಕಿ ಬಸ್ಸಿನ ಹೊತ್ತು. ಪ್ರಶ್ನೆ ಒಂದೇ ಸಾಲು, ಡಿಪೋ ವ್ಯವಸ್ಥಾಪಕರಿಗೆ: ಏಳರ ಬಸ್ಸನ್ನು ಎಂಟೂಮುಕ್ಕಾಲಿಗೆ ತರಲು ಏನು ಅಡ್ಡಿ?

ಕೆಡಿಪಿ ಸಭೆಗೆ ಸಾರಿಗೆ ಸಂಸ್ಥೆಯವರೂ ಬರುತ್ತಾರೆ, ಶಿಕ್ಷಣದ ವಿಷಯ ಬಂದಾಗ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಸಾಹೇಬರು ಜುಬ್ಬಾದ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. ನಾನು ಹಿಂದಿನ ಸಾಲಿನಲ್ಲಿ ಪತ್ರಕರ್ತರ ಪಕ್ಕ ಕೂತಿದ್ದೆ, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಉತ್ತರ ಏನು ಬಂತು ಗೊತ್ತೇ? "ಸರ್, ಆ ಟೈಮಿಂಗ್ ಯಾವ ಕಾಲದ್ದೋ, ಯಾರೂ ಬದಲು ಮಾಡ್ರಿ ಅಂತ ಕೇಳಿಲ್ಲ." ಸುಮಾರು ಮೂರು ವಾರಕ್ಕೆ ಬಸ್ಸು ಎಂಟೂಮುಕ್ಕಾಲಿಗೆ ಬಂತು. ಮುಂದಿನ ವರ್ಷ ಒಂಬತ್ತರಿಂದ ಹತ್ತಕ್ಕೆ ಹೋಗುವಾಗ ಬಿಟ್ಟವರು ನಾಲ್ಕೋ ಐದೋ ಹುಡುಗಿಯರು. ಎಲ್ಲ ಬಸ್ಸಿನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಸಾಹೇಬರು ಮಾತ್ರ ಎಲ್ಲ ವೇದಿಕೆಯಲ್ಲೂ ಹಾಗೇ ಹೇಳುತ್ತಾರೆ, ನಾನು ತಿದ್ದಲು ಹೋಗಿಲ್ಲ.

ಬಸ್ಸಿನ ಬಲದ ಮೇಲೆ ಕೊಠಡಿಗೆ ಕೈ ಹಾಕಿದೆ. ಅಲ್ಲಿ ಕೈ ಸುಟ್ಟಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ನಮ್ಮ ಭಾಗಕ್ಕೆ ಬರುವ ದೊಡ್ಡ ದುಡ್ಡು, ಅಕ್ಷರ ಆವಿಷ್ಕಾರ ಅನ್ನುವ ಶಿಕ್ಷಣ ಯೋಜನೆ ಬಂದ ಮೇಲೆ ಅದರಲ್ಲಿ ಶಿಕ್ಷಣದ ಪಾಲೂ ದೊಡ್ಡದು. ಕ್ರಿಯಾ ಯೋಜನೆಗೆ ಶಾಸಕರ ಕಡೆಯಿಂದ ಪಟ್ಟಿ ಹೋಗುತ್ತದೆ. ನಮ್ಮಲ್ಲಿ ಆ ವರ್ಷ ಪಟ್ಟಿಯಲ್ಲಿ 11 ಕೊಠಡಿ ಇದ್ದವು. ನಾನೂ ನನ್ನ ಜೊತೆಗಿದ್ದ ಇಬ್ಬರು ಹುಡುಗಿಯರೂ ಹನ್ನೊಂದೂ ಜಾಗಕ್ಕೆ ಹೋಗಿ ಬಂದೆವು. ನಾಲ್ಕು ಕಡೆ ಈಗಿರುವ ಕೊಠಡಿಗಳೇ ಖಾಲಿ. ಒಂದು ಶಾಲೆಯ ಖಾಲಿ ಕೋಣೆಯಲ್ಲಿ ಹತ್ತಿ ಚೀಲ ಒಟ್ಟಿದ್ದರು. ಇನ್ನೊಂದು ಕಡೆ, ಪಟ್ಟಿಯಲ್ಲೇ ಇಲ್ಲದ ಊರಿನಲ್ಲಿ, ಮೂರು ತರಗತಿ ಒಂದು ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿತ್ತು.

ಹಾಳೆ ಮಾಡಿದೆ. ಹಾಗೇ ಒಂದು ಲೆಕ್ಕ ಸೇರಿಸಿದೆ: ಒಂದು ಕೊಠಡಿಗೆ ಅಂದಾಜು 14 ಲಕ್ಷ, ಅತಿಥಿ ಶಿಕ್ಷಕರಿಗೆ ಆಗ ತಿಂಗಳಿಗೆ 10 ಸಾವಿರ, ಅಂದರೆ ಒಂದು ಖಾಲಿ ಕೋಣೆಯ ದುಡ್ಡಿನಲ್ಲಿ ಒಬ್ಬ ಶಿಕ್ಷಕರು 140 ತಿಂಗಳು. ಇದು ನನ್ನ ಬುದ್ಧಿವಂತಿಕೆ ಅಂತ ಬೀಗಿದ್ದೆ. ಸಾಹೇಬರಿಗೆ ಬಹಳ ಹಿಡಿಸಿತು, ಇಂಜಿನಿಯರು ಒಂದೇ ಮಾತಿಗೆ ಹೊಡೆದು ಹಾಕಿದರು: "ಸರ್, ಕಟ್ಟಡದ ಹೆಡ್ ಬೇರೆ, ಗೌರವಧನದ ಹೆಡ್ ಬೇರೆ." ಅವರು ಹೇಳಿದ್ದು ಸರಿ. ಒಂದರ ದುಡ್ಡು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ. ಆ ಸಾಲು ಹೊಡೆದು ಹಾಕಿ, ಕೊಠಡಿ ಇಲ್ಲಿಂದ ಅಲ್ಲಿಗೆ ಹೋಗಲಿ ಅಂತ ಮಾತ್ರ ಉಳಿಸಿದೆ. ಎರಡು ದಿನದಲ್ಲಿ ನನ್ನ ಮನೆ ಮುಂದೆ ಒಬ್ಬ ಗುತ್ತಿಗೆದಾರ ಬೈಕ್ ನಿಲ್ಲಿಸಿದ. ಜಗಳ ಇಲ್ಲ, ಬಹಳ ಮರ್ಯಾದೆಯಿಂದಲೇ: "ಸರ, ನೀವು ಸಾಲಿ ಒಳಗಿಂದು ನೋಡ್ಕೋರಿ, ಹೊರಗಿಂದು ನಾವು ನೋಡ್ಕೋತೀವಿ." ಹೆಂಡತಿ ಒಳಗಿನಿಂದ ಕೇಳಿಸಿಕೊಂಡಿದ್ದಳು. ಆ ರಾತ್ರಿ ಊಟ ಮೌನವಾಗಿ ಆಯಿತು. ಕೊನೆಗೆ ನಾಲ್ಕರಲ್ಲಿ ಎರಡು ಕೊಠಡಿ ಜಾಗ ಬದಲಿಸಿದವು, ಒಂದು ಗುಡಿಕಟ್ಟೆಯ ಊರಿಗೆ ಹೋಯಿತು. ಉಳಿದ ಎರಡು ಖಾಲಿ ಕೋಣೆಯ ಪಕ್ಕದಲ್ಲೇ ಎದ್ದು ನಿಂತವು. ಒಂದಕ್ಕೆ ಚೆಂದದ ಬಣ್ಣ ಹೊಡೆದಿದ್ದಾರೆ.

ಇಷ್ಟು ಶಾಸಕರ ಕಥೆ. ಪಂಚಾಯಿತಿ ಮೆಂಬರುಗಳಿಗೆ ಹಾಳೆ ನಡೆಯಲಿಲ್ಲ, ಯಾಕೆಂದರೆ ಅವರಲ್ಲಿ ಓದಲು ಬಾರದವರು ಬಹಳ, ಅದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳುವುದು ಯಾರಿಗೂ ಇಷ್ಟವಿಲ್ಲ. ಆಡಿಯೋ ಮಾಡಿ ಕಳಿಸಿ ನೋಡಿದೆ, ನಮ್ಮ ಭಾಷೆಯಲ್ಲೇ, ಎರಡು ನಿಮಿಷದ್ದು. ತಾಂಡಾದವರಿಗೆ ಲಂಬಾಣಿಯಲ್ಲಿ ಒಬ್ಬ ಪಿಯುಸಿ ಹುಡುಗನ ಕೈಲಿ ಹೇಳಿಸಿದೆ. ಕೇಳಿದರು, ಚೆನ್ನಾಗಿದೆ ಅಂದರು, ಅಷ್ಟೇ. ಪಂಚಾಯಿತಿ ಗೋಡೆಗೆ ಬರೆಸಿದೆ. ಸುಣ್ಣಕ್ಕೂ ಪೇಂಟರಿಗೂ ಸೇರಿ 2,200. ಮುಂದಿನ ಜಾತ್ರೆಗೆ ಅದರ ಮೇಲೆ ಪೋಸ್ಟರು ಬಂತು. ಮಕ್ಕಳ ಗ್ರಾಮಸಭೆಯಲ್ಲಿ ಚೀಟಿ ಡಬ್ಬಿ ಇಟ್ಟೆ. 60 ಚೀಟಿಯಲ್ಲಿ 40ಕ್ಕೂ ಹೆಚ್ಚು ಶೌಚಾಲಯದ ನೀರಿನ ಬಗ್ಗೆ, ಆರೇಳು ಮೊಟ್ಟೆಯ ಬದಲು ಬಾಳೆಹಣ್ಣು ಬೇಡ ಅಂತ, ಒಂದು "ನಮ್ಮ ಟೀಚರ್ ಮದುವೆ ಆಗಿ ಹೋಗಬಾರದು" ಅಂತ.

ನಡೆದದ್ದು ತೊಗರಿ. ಇದು ಆಕಸ್ಮಿಕ. ಡಿಸೆಂಬರಿನ ಒಂದು ಸಭೆಗೆ ಹೋದಾಗ ಪಂಚಾಯಿತಿ ಅಧ್ಯಕ್ಷೆಯ ಮನೆಯಂಗಳದಲ್ಲಿ ತೊಗರಿ ರಾಶಿ ಬಿದ್ದಿತ್ತು. ಸ್ಟೀಲ್ ಲೋಟ ನಾಲ್ಕು ತರಿಸಿ, ಒಂದೊಂದು ಮಗುವಿಗೆ ಒಂದೊಂದು ಕಾಳಿನಂತೆ ಹಾಕುತ್ತಾ ಹೋದೆ. ಒಂದನೇ ತರಗತಿಗೆ ಸೇರಿದವರು 52 ಕಾಳು. ಐದಕ್ಕೆ ಉಳಿದವರು, ಎಂಟಕ್ಕೆ ಉಳಿದವರು, ಹತ್ತಕ್ಕೆ ಉಳಿದವರು. ಕೊನೆಯ ಲೋಟದ ತಳದಲ್ಲಿ 13 ಕಾಳು ಕಂಡವು, ಅಲುಗಿಸಿದರೆ ಟಣಟಣ ಸದ್ದು. ಐದನೇ ತರಗತಿಯ ಲೋಟ ಹೆಚ್ಚು ಕಡಿಮೆ ತುಂಬಿಯೇ ಇತ್ತು. ಅದರೊಳಗಿನ ಕಾಳುಗಳಲ್ಲಿ ಇವತ್ತು ಹಾಜರಿ ಎಷ್ಟು ಅಂತ ಕೇಳಿದೆ. ಅಧ್ಯಕ್ಷೆಯೇ ಲೆಕ್ಕ ಹಾಕತೊಡಗಿದರು: ಇವನು ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ದುಡಿಯಲು ಹೋದ, ಇವಳು ಹತ್ತಿ ಬಿಡಿಸಲು, ಇವಳು ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ. ಒಂದೊಂದೇ ಕಾಳು ಹೊರಗೆ ತೆಗೆದರು, ಪ್ರತಿ ಕಾಳಿಗೂ ಹೆಸರು ಹೇಳಿ. ನನ್ನ ಎಲ್ಲ ಸಮೀಕ್ಷೆಗಿಂತ ಆ ಮಾಹಿತಿ ಚೊಕ್ಕವಾಗಿತ್ತು. ಗಂಡಸು ಮೆಂಬರುಗಳು ಸುಮ್ಮನೆ ನೋಡುತ್ತಾ ನಿಂತರು. "ಈ ಹೆಣ್ಣುಹುಡುಗುರು ಬರೀ ಅಮಾಸಿ ದಿನ ಸಾಲಿಗಿ ಹೋಗ್ತಾವ್ರೀ, ಅವತ್ತು ಹೊಲದ ಕೆಲಸ ಇಲ್ಲಂತ" ಅಂತ ಒಬ್ಬಾಕೆ ಹೇಳಿದಾಗ ನನಗೆ ತಲೆ ಗಿರ್ರೆಂದಿತು. ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಆಕೆ ಹೇಳಿದ್ದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಆ ಪಂಚಾಯಿತಿ ಮುಂದೆ ಎರಡು ಕೆಲಸ ಮಾಡಿತು. ಹತ್ತಿ ಹಂಗಾಮಿನಲ್ಲಿ ಅಂಗನವಾಡಿ ಸಂಜೆ ತನಕ ತೆರೆದಿಡಲು ಠರಾವು ಮಾಡಿ, ಒಬ್ಬ ಆಯಾಗೆ ಪಂಚಾಯಿತಿಯ ಸ್ವಂತ ಆದಾಯದಿಂದ ಕೂಲಿ ಕೊಟ್ಟಿತು. ತಿಂಗಳಿಗೆ ಮೂರು ಸಾವಿರದ ಆಸುಪಾಸು. ತಮ್ಮನನ್ನು ಎತ್ತಿಕೊಂಡು ಕೂತಿದ್ದ ಅಕ್ಕಂದಿರು ಎಂಟು ಹತ್ತು ಜನ ಶಾಲೆಗೆ ಬಂದರು. ಎರಡನೆಯದು, ಗುಳೆ ಹೋಗುವ ಮನೆಗಳ ಪಟ್ಟಿಯನ್ನು ಅಕ್ಟೋಬರಿನಲ್ಲೇ ಮಾಡಿ, ಅಜ್ಜ ಅಜ್ಜಿ ಇರುವ ಮನೆಗಳಿಗೆ ಹೋಗಿ ಮಕ್ಕಳನ್ನು ಬಿಟ್ಟು ಹೋಗಿ ಅಂತ ಕೇಳುವುದು. ಇದು ಅರ್ಧಂಬರ್ಧ ನಡೆಯಿತು. ಬೆಂಗಳೂರಿನಲ್ಲಿ ಇಟ್ಟಿಗೆ ಹೊರುವವರಿಗೆ ಮುಂಗಡ ಕೊಟ್ಟವನ ಮಾತಿನ ಮುಂದೆ ಮೆಂಬರಿನ ಮಾತು ಎಷ್ಟು ನಡೆಯುತ್ತದೆ?

ತೊಗರಿ ಲೋಟವನ್ನು ಶಾಸಕರ ಮುಂದೆಯೂ ಮಾಡಿದೆ. ಅಲ್ಲಿ ಫೇಲಾಯಿತು. ಅವರು ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡು "ಈ ಸಲ ರೇಟ್ ಎಷ್ಟದ?" ಅಂದರು. ಹಾಗಾಗಿ ಅವರಿಗೆ ಹಾಳೆ, ಮೆಂಬರುಗಳಿಗೆ ಲೋಟ.

ಓದಿಸಿ ನೋಡುವ ಪ್ರಯೋಗದ ಬಗ್ಗೆ ಒಂದು ಎಚ್ಚರಿಕೆ. ಮೆಂಬರ ಕೈಯಲ್ಲಿ ಪುಸ್ತಕ ಕೊಟ್ಟು ಮಗುವನ್ನು ಪರೀಕ್ಷಿಸಿ ಅನ್ನಬೇಡಿ. ನಾನು ಹಾಗೆ ಮಾಡಿ, ಒಬ್ಬ ಹಿರಿಯ ಮೆಂಬರಿಗೆ ಸ್ವತಃ ಓದಲು ಬರುವುದಿಲ್ಲ ಅನ್ನುವುದು ನಲವತ್ತು ಮಕ್ಕಳ ಮುಂದೆ ಗೊತ್ತಾಯಿತು. ಈಗ ಮಗು ಓದುತ್ತದೆ, ಮೆಂಬರು ಪಕ್ಕದಲ್ಲಿ ಕೂತು ಕೇಳುತ್ತಾರೆ, ತಡವರಿಸಿದ್ದು ಯಾವ ಕಿವಿಗೂ ಗೊತ್ತಾಗುತ್ತದೆ. ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮೂರು ವರ್ಷ ಮುಗಿಸಿ ನಾಲ್ಕಕ್ಕೆ ಬಂದ ತನ್ನದೇ ವಾರ್ಡಿನ ಹುಡುಗ "ಮಳೆ" ಅನ್ನುವುದನ್ನು "ಮ... ಳ... ಏ" ಅಂತ ಬಿಡಿಸುವುದನ್ನು ಕೇಳಿದ ಮೆಂಬರು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಂಪೌಂಡ್ ಮಾತು ಎತ್ತಲಿಲ್ಲ. ಅಷ್ಟು ಸಾಕು ನನಗೆ.

ಖರ್ಚು. ಒಂದು ಪಂಚಾಯಿತಿಯ ಹಾಳೆಗೆ ಸರಾಸರಿ ನಾಲ್ಕು ದಿನದ ಓಡಾಟ, ಪೆಟ್ರೋಲ್ 700, ಇಬ್ಬರು ಹುಡುಗಿಯರಿಗೆ ದಿನಕ್ಕೆ 400ರಂತೆ 3,200, ಜೆರಾಕ್ಸು ಚಹಾ ಎಲ್ಲ ಸೇರಿ 300. ನಾಲ್ಕು ಸಾವಿರದ ಒಳಗೆ ಹೊರಗೆ. ವರ್ಷಕ್ಕೆ ಇಪ್ಪತ್ತು ಹಾಳೆ ಮಾಡಿದರೆ 80 ಸಾವಿರ, ಅಂದರೆ ಆ 64 ಪುಟದ ವರದಿಯ ಎರಡು ಪಟ್ಟೂ ಅಲ್ಲ. ನನ್ನ ಸಂಬಳ ಇದರಲ್ಲಿಲ್ಲ. ಮನೆ ನಡೆಯುವುದು ಹೆಂಡತಿಯ ಟೇಲರಿಂಗ್ ಮತ್ತು ನಾಲ್ಕು ಎಕರೆ ತೊಗರಿಯಿಂದ. 2022ರಲ್ಲಿ ಒಂದು ಕಡೆ ದುಡ್ಡು ಕೇಳಿದೆ. ಅವರು ನೂರು ಪಂಚಾಯಿತಿಗೆ ಹಬ್ಬಿಸುವ ಯೋಜನೆ ಬರೆದುಕೊಡಿ ಅಂದರು. ನೂರಕ್ಕೆ ಹಬ್ಬಿಸಿದರೆ ಮುಖ್ಯಶಿಕ್ಷಕರ ಎದುರು ಕೂತು ಸಹಿ ಹಾಕಿಸುವವರು ಯಾರು? ಬಿಟ್ಟುಬಿಟ್ಟೆ. ಹೆಂಡತಿಗೆ ಇದು ಇನ್ನೂ ಗೊತ್ತಿಲ್ಲ, ಈ ಬರಹ ಓದಿದರೆ ಗೊತ್ತಾಗುತ್ತದೆ.

ಹಾಳೆಯನ್ನು ತನಗೊಬ್ಬನಿಗೇ ಕೊಡಬೇಕು ಅನ್ನುವ ಒತ್ತಾಯ ಬಂದೇ ಬರುತ್ತದೆ. ನಾನು ಮಾಡಿಕೊಂಡ ಕಟ್ಟಳೆ: ಅಧಿಕಾರದಲ್ಲಿ ಇರುವವರಿಗೆ ಸಭೆ ಮುಗಿಯುವ ತನಕ, ಆಮೇಲೆ ಮೂರನೇ ದಿನಕ್ಕೆ ಅದೇ ಹಾಳೆ ಸೋತ ಅಭ್ಯರ್ಥಿಗೂ ಪಂಚಾಯಿತಿ ಕಚೇರಿಗೂ. ಇದನ್ನು ಮೊದಲ ದಿನವೇ ಮುಖಕ್ಕೆ ಹೇಳಿಬಿಟ್ಟೆ. ಸಾಹೇಬರು ಮುಖ ಸಿಂಡರಿಸಿದರು, ಆಮೇಲೆ ಅವರಿಗೇ ಅನುಕೂಲ ಆಯಿತು. ವಿರೋಧಿಗಳು ಆ ವಿಷಯ ಎತ್ತುವಷ್ಟರಲ್ಲಿ ಇವರು ಮಾಡಿ ಮುಗಿಸಿರುತ್ತಿದ್ದರು.

ಆಗದೇ ಉಳಿದದ್ದೂ ಬಹಳ. ಗಣಿತ, ಇಂಗ್ಲಿಷ್ ವಿಷಯ ಶಿಕ್ಷಕರ ಖಾಲಿ ಹುದ್ದೆಯನ್ನು ಯಾವ ಹಾಳೆಯೂ ತುಂಬಿಲ್ಲ, ಅದು ತಾಲ್ಲೂಕಿನಲ್ಲಿ ಬಗೆಹರಿಯುವ ಮಾತಲ್ಲ. ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿಸಿದೆ. ಬಂದ ಉತ್ತರ "ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ." ಉರ್ದು ಶಾಲೆಗಳಿಗೆ ಉರ್ದುವಿನಲ್ಲಿ ಹಾಳೆ ಮಾಡಬೇಕು ಅಂತ ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ಬರೆಯುವವರು ಸಿಕ್ಕಿಲ್ಲ.

ಬಸ್ಸಿನ ವಿಷಯಕ್ಕೂ ಬರುತ್ತೇನೆ, ಗೆದ್ದೆ ಅಂತ ಹೇಳಿ ನಿಲ್ಲಿಸಿದರೆ ಮೋಸ ಆಗುತ್ತದೆ. ಈ ಬೇಸಿಗೆ ರಜೆಯಲ್ಲಿ ರೂಟ್ ಬದಲಾಯಿತು. ಜೂನ್‌ನಲ್ಲಿ ಶಾಲೆ ತೆರೆದಾಗ ಬಸ್ಸು ಮತ್ತೆ ಏಳಕ್ಕೇ ಬರತೊಡಗಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅವರಪ್ಪನ ಮೊಬೈಲಿನಿಂದ ಫೋನ್ ಮಾಡಿ "ಸರ, ಆ ಕಾಗದ ಮತ್ತ ಬರೀರಿ" ಅಂದಳು. ಮುಂದಿನ ಕೆಡಿಪಿ ಗುರುವಾರ ಇದೆ. ಮುಖ್ಯಶಿಕ್ಷಕರ ಸಹಿ ಇವತ್ತು ಸಂಜೆ ಆಯಿತು.